ಬೆಂಗಳೂರಿನಿಂದ ಇಬ್ಬರೇ ಹೊರಟಾಗ: ವಾರಾಂತ್ಯದ ಪ್ರವಾಸ, ದಾರಿಬದಿಯ ನಿಲುಗಡೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯಾದಾಗಿನಿಂದ ನಾವಿಬ್ಬರೂ ತಿಂಗಳಿಗೆ ಒಂದು ಸಲವಾದರೂ ಬೆಂಗಳೂರು ಬಿಟ್ಟು ಹೊರಡುತ್ತೇವೆ. ಶನಿವಾರ ಬೆಳಗ್ಗೆ ಹೋಗುವುದು, ಭಾನುವಾರ ರಾತ್ರಿ ವಾಪಸ್. ನೆಂಟರು, ಗೆಳೆಯರು, ಆಫೀಸಿನವರು ಈ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಎರಡೇ ದಿನ ರಜೆ. ಎಷ್ಟು ದೂರ ಹೋದರೆ ಸರಿ?

ಒಂದು ಕಡೆಗೆ 150 ಕಿ.ಮೀ. ತುಂಬಾ ಅಂದರೆ 200. ಅದಕ್ಕಿಂತ ದೂರ ಬೇಡವೇ ಬೇಡ.

ಮೊದಮೊದಲು ನಾವೂ ಶನಿವಾರ ಹೊರಟು ಚಿಕ್ಕಮಗಳೂರು ಮುಟ್ಟಿ ಭಾನುವಾರ ವಾಪಸ್ ಬರುತ್ತಿದ್ದೆವು. ಒಂದು ಸಲ ಮನೆಗೆ ಬಂದು ಲೆಕ್ಕ ಹಾಕಿದೆವು. ಊರು ನೋಡಿದ್ದು ಐದು ಗಂಟೆ, ಕಾರಲ್ಲಿ ಕೂತಿದ್ದು ಹದಿಮೂರು ಗಂಟೆ. ಸೋಮವಾರ ಇಬ್ಬರಿಗೂ ಬೆನ್ನು ನೋವು. ಬೆಂಗಳೂರು ದಾಟುವುದಕ್ಕೇ ಒಂದು ಗಂಟೆ ಬೇಕು. ಭಾನುವಾರ ಸಂಜೆ ನೆಲಮಂಗಲದ ಹತ್ತಿರ ಸಿಕ್ಕಿಕೊಂಡರೆ ಅದಕ್ಕಿಂತ ಜಾಸ್ತಿ.

ಈಗ ಆ ಮಿತಿಯೊಳಗೆ ನಾವು ಕಿಲೋಮೀಟರ್ ಲೆಕ್ಕ ಬಿಟ್ಟಿದ್ದೇವೆ. ಎಷ್ಟು ಕಡೆ ನಿಲ್ಲುತ್ತೇವೆ ಅನ್ನುವುದೇ ಲೆಕ್ಕ. ದಿನಕ್ಕೆ ಮೂರು ಕಡೆ, ಪ್ರತಿ ಕಡೆಯೂ ಗಡಿಯಾರ ನೋಡದೆ. ನಮಗೆ ನೆನಪಿರುವ ಪ್ರವಾಸಗಳೆಲ್ಲ ನಡುದಾರಿಯವೇ. ಹೋಗಿ ಮುಟ್ಟಿದ ಊರು ಎಷ್ಟೋ ಸಲ ಮರೆತೇ ಹೋಗಿದೆ.

ಮೈಸೂರು ಕಡೆಗಾದರೆ ಎಕ್ಸ್‌ಪ್ರೆಸ್‌ವೇ ಒಳ್ಳೆಯದಾ, ಹಳೇ ರಸ್ತೆನಾ?

ಮೈಸೂರು ಬೇಗ ಮುಟ್ಟಬೇಕಾದರೆ ಎಕ್ಸ್‌ಪ್ರೆಸ್‌ವೇ. ದಾರಿ ನೋಡಬೇಕಾದರೆ ಹಳೇ ರಸ್ತೆ.

2023ರ ಮಾರ್ಚ್‌ನಲ್ಲಿ ಹೊಸ ರಸ್ತೆ ಉದ್ಘಾಟನೆಯಾಯಿತು. ಸುಮಾರು 119 ಕಿ.ಮೀ. ಉದ್ದ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಒಂದು ಊರಿನ ಒಳಗೂ ಹೋಗದೆ ಪಕ್ಕದಲ್ಲೇ ಹಾದುಬಿಡುತ್ತದೆ. ಅದರ ಮೇಲೆ ಹೋದರೆ ಬೇಲಿ, ಬೋರ್ಡು, ಟೋಲ್ ಗೇಟು. ಮೊದಲು ಇದೇ ದಾರಿಯಲ್ಲಿ ಇಡ್ಲಿ, ಬೊಂಬೆ, ವಡೆ, ಎಳನೀರು, ಬೆಲ್ಲ ಒಂದಾದ ಮೇಲೊಂದು ಬರುತ್ತಿದ್ದವು. ಅವೆಲ್ಲ ಈಗಲೂ ಇವೆ. ಆದರೆ ನಾವಾಗಿ ಇಳಿದು ಹೋಗಬೇಕು. ಮೊದಲು ಬಸ್ಸು, ಕಾರು ತಾವಾಗಿ ನಿಲ್ಲುತ್ತಿದ್ದ ಅಂಗಡಿಗಳ ಮುಂದೆ ಈಗ ಜನ ಕಡಿಮೆ. ಎಷ್ಟೋ ಅಂಗಡಿ ಮುಚ್ಚಿವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಅದಕ್ಕೇ ಹೇಳುವುದು, ಹೋಗುವಾಗ ಹಳೇ ರಸ್ತೆ ಹಿಡಿಯಿರಿ, ಬರುವಾಗ ಸುಸ್ತಾಗಿದ್ದರೆ ಎಕ್ಸ್‌ಪ್ರೆಸ್‌ವೇ ಹತ್ತಿ.

ಬೈಕಿನವರಿಗೆ ಈ ಪ್ರಶ್ನೆಯೇ ಇಲ್ಲ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಹಳೇ ರಸ್ತೆಯಲ್ಲಿ ಎಲ್ಲೆಲ್ಲಿ ನಿಲ್ಲಬೇಕು?

ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಬಿಡದಿಯಲ್ಲಿ ತಿಂಡಿ. ತಟ್ಟೆ ಇಡ್ಲಿ, ಮೇಲೊಂದು ಬೆಣ್ಣೆಯ ಮುದ್ದೆ. ಇಬ್ಬರೂ ಎರಡೆರಡು ಹೇಳಬೇಡಿ. ಒಂದೊಂದು ತಿಂದು ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ, ಮುಂದೆ ಮದ್ದೂರು ಇದೆ.

ಆಮೇಲೆ ರಾಮನಗರ. ಇಲ್ಲಿ ಎಲ್ಲರೂ ಬಂಡೆ ಬೆಟ್ಟ ನೋಡಿ ಹೋಗುತ್ತಾರೆ. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು, ದೇಶದಲ್ಲೇ ಮೊದಲನೆಯದು. ಆದರೆ ನಾನು ಹೇಳುವುದು ಊರೊಳಗಿನ ರೇಷ್ಮೆ ಗೂಡಿನ ಮಾರುಕಟ್ಟೆ. ಬೆಳಗ್ಗೆ ಹೋದರೆ ಸಾಲು ಸಾಲು ತೊಟ್ಟಿಗಳಲ್ಲಿ ಬಿಳಿ, ಹಳದಿ ಗೂಡು ಸುರಿದಿರುತ್ತದೆ. ನೂಲು ಬಿಚ್ಚುವವರು ಒಂದು ಹಿಡಿ ಎತ್ತುತ್ತಾರೆ, ಕಿವಿ ಹತ್ತಿರ ಅಲ್ಲಾಡಿಸುತ್ತಾರೆ, ಬೆರಳಲ್ಲಿ ಒತ್ತಿ ನೋಡುತ್ತಾರೆ, ವಾಪಸ್ ಹಾಕುತ್ತಾರೆ. ರೈತ ಪಕ್ಕದಲ್ಲೇ ನಿಂತು ಅವರ ಮುಖ ನೋಡುತ್ತಿರುತ್ತಾನೆ. ನನ್ನ ಹೆಂಡತಿ ಮದುವೆ ಸೀರೆ ತೆಗೆಯುವಾಗ ಎರಡು ಗಂಟೆ ಅಂಗಡಿಯಲ್ಲಿ ಕೂತಿದ್ದಳು. ಆ ನೂಲು ಹೀಗೆ ಕೈಯಿಂದ ಕೈಗೆ ಬರುತ್ತದೆ ಅಂತ ಇಬ್ಬರಿಗೂ ಇಲ್ಲಿ ಬಂದ ಮೇಲೆಯೇ ಗೊತ್ತಾಗಿದ್ದು. ವ್ಯಾಪಾರದ ಹೊತ್ತು, ಅಡ್ಡ ನಿಲ್ಲಬೇಡಿ. ಕೇಳಿಕೊಂಡು ಫೋಟೋ ತೆಗೆಯಿರಿ.

ಚನ್ನಪಟ್ಟಣದಲ್ಲಿ ಅಂಗಡಿಗಳು ತುಂಬಾ ಇವೆ. ಬೊಂಬೆ ಮಾಡುವುದನ್ನು ನೋಡಬಹುದಾ?

ಖಂಡಿತ ನೋಡಬಹುದು. ಅದನ್ನು ನೋಡದೆ ಬೊಂಬೆ ಕೊಳ್ಳಬೇಡಿ ಅಂತಲೇ ನಾನು ಹೇಳುತ್ತೇನೆ.

ರಸ್ತೆಬದಿಯ ಅಂಗಡಿಯಲ್ಲಿ ಇರುವುದೆಲ್ಲ ಚನ್ನಪಟ್ಟಣದ್ದೇ ಅಲ್ಲ. ಊರೊಳಗೆ ಹೋಗಿ "ಲೇತ್ ಕೆಲಸ ಎಲ್ಲಿ ನಡೆಯುತ್ತೆ?" ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ. ಒಂದು ಚಿಕ್ಕ ಕೋಣೆ, ನಾಲ್ಕೈದು ಲೇತ್ (ಮರವನ್ನು ಗಿರಗಿರ ತಿರುಗಿಸುವ ಯಂತ್ರ), ನೆಲದ ತುಂಬಾ ಮರದ ಹೊಟ್ಟು. ಬಳಸುವುದು ಆಲೆ ಮರ. ಬೆಳ್ಳಗೆ, ಹಗುರವಾಗಿ, ನುಣ್ಣಗಿರುತ್ತದೆ.

ನಾವು ನೋಡಿದ್ದು ಬುಗುರಿ ಮಾಡುವುದನ್ನು. ಗಿರಗಿರ ತಿರುಗುವ ಮರಕ್ಕೆ ಉಳಿ ತಾಗಿಸಿದರೆ ಸುರುಳಿ ಸುರುಳಿಯಾಗಿ ಸಿಪ್ಪೆ ಎದ್ದು ಬರುತ್ತದೆ. ಒಂದು ನಿಮಿಷದಲ್ಲಿ ಹೊಟ್ಟೆ, ಇನ್ನರ್ಧ ನಿಮಿಷದಲ್ಲಿ ಮೂತಿ. ಆಮೇಲೆ ಬಣ್ಣ. ಕುಂಚ ಇಲ್ಲ, ಡಬ್ಬಿ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರದ ಮೇಲೆ ಹರಡುತ್ತದೆ. ಕೆಂಪು ಕಡ್ಡಿ ಮುಟ್ಟಿದ ಕಡೆ ಕೆಂಪು ಪಟ್ಟಿ, ಹಳದಿ ಮುಟ್ಟಿದ ಕಡೆ ಹಳದಿ. ಆಗ ಅದು ಮಂಕಾಗಿರುತ್ತದೆ. ಕೊನೆಗೆ ಒಣಗಿದ ತಾಳೆಗರಿಯ ತುಂಡು ಇಟ್ಟು ಒತ್ತುತ್ತಾರೆ, ಅಷ್ಟೇ, ಕನ್ನಡಿ ಹಾಗೆ ಹೊಳಪು ಬಂದುಬಿಡುತ್ತದೆ. ಆ ಒಂದು ಕ್ಷಣಕ್ಕೋಸ್ಕರ ನಾವು ನಾಲ್ಕು ಬುಗುರಿ ಆಗುವವರೆಗೂ ಅಲ್ಲೇ ನಿಂತಿದ್ದೆವು. ಮಾಡಿದವರು ಕೊನೆಯದನ್ನು ಲೇತ್‌ನಿಂದ ಕತ್ತರಿಸಿ, ಬಿಸಿ ಇರುವಾಗಲೇ ನನ್ನ ಹೆಂಡತಿಯ ಅಂಗೈ ಮೇಲೆ ತಿರುಗಿಸಿ ಬಿಟ್ಟರು.

ನೋಡಿದ ಮೇಲೆ ಅಲ್ಲೇ ಏನಾದರೂ ಕೊಳ್ಳಿ. ಚೌಕಾಸಿ ಮಾಡಬೇಡಿ. ಒಂದು ಬುಗುರಿಯ ಹಿಂದೆ ಎಷ್ಟು ಕೆಲಸ ಇದೆ ಅಂತ ನೋಡಿದ ಮೇಲೆ ಚೌಕಾಸಿಗೆ ಬಾಯೂ ಬರುವುದಿಲ್ಲ.

ಮದ್ದೂರು ವಡೆ ನಿಜವಾಗಲೂ ಮದ್ದೂರಿನಲ್ಲೇ ತಿನ್ನಬೇಕಾ?

ಒಂದು ಸಲವಾದರೂ ತಿನ್ನಿ. ಬೆಂಗಳೂರಿನಲ್ಲಿ ಪೊಟ್ಟಣದಲ್ಲಿ ಸಿಗುವುದಕ್ಕೂ ಬಾಣಲೆಯಿಂದ ಈಗಷ್ಟೇ ತೆಗೆದಿದ್ದಕ್ಕೂ ಹೋಲಿಕೆಯೇ ಇಲ್ಲ. ಅಂಚು ಕರುಂ ಅನ್ನಬೇಕು, ನಡುವೆ ಈರುಳ್ಳಿ ಸ್ವಲ್ಪ ಮೆತ್ತಗಿರಬೇಕು.

ಇದು ಹುಟ್ಟಿದ್ದು ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ. 1917ರಲ್ಲಿ ರಾಮಚಂದ್ರ ಬುದ್ಯ ಅನ್ನುವವರು ಅಲ್ಲಿ ತಿಂಡಿ ಮಾರುತ್ತಿದ್ದರಂತೆ. ಒಂದು ದಿನ ರೈಲು ಹೊತ್ತಿಗೆ ಮುಂಚೆ ಬಂತು, ಪಕೋಡ ಮಾಡಲು ಸಮಯ ಸಾಲಲಿಲ್ಲ. ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ ಕಲಸಿಟ್ಟಿದ್ದನ್ನು ತಟ್ಟಿ ಎಣ್ಣೆಗೆ ಬಿಟ್ಟರು, ಜನ ಮತ್ತೆ ಮತ್ತೆ ಕೇಳಿದರು. ಊರಿನವರು ಹೇಳುವ ಕತೆ ಇದು. ಇವತ್ತಿಗೂ ಮೈಸೂರು ರೈಲಿನಲ್ಲಿ "ವಡೆ, ವಡೆ, ಮದ್ದೂರ್ ವಡೇ" ಅನ್ನುವ ಕೂಗು ಕೇಳಿದ ಕೂಡಲೇ ಇಡೀ ಬೋಗಿ ಜೇಬಿಗೆ ಕೈ ಹಾಕುತ್ತದೆ.

ಮದ್ದೂರಿನಲ್ಲಿ ಎಳನೀರಿನ ದೊಡ್ಡ ಮಾರುಕಟ್ಟೆಯೂ ಇದೆ. ಲಾರಿಗಟ್ಟಲೆ ಎಳನೀರು ಒಂದೇ ಕಡೆ ನೋಡಿರದಿದ್ದರೆ ಹತ್ತು ನಿಮಿಷ ಹೋಗಿ ಬನ್ನಿ.

ಬೆಲ್ಲ ಮಾಡುವ ಆಲೆಮನೆಗೆ ಹೊರಗಿನವರು ಹೋಗಬಹುದಾ?

ಹೋಗಬಹುದು. ಮಂಡ್ಯ, ಪಾಂಡವಪುರದ ಸುತ್ತ ಹಳ್ಳಿ ರಸ್ತೆ ಹಿಡಿದರೆ ಆಲೆಮನೆ ಹುಡುಕಬೇಕಾಗಿಯೂ ಇಲ್ಲ. ದೂರದಿಂದಲೇ ಹೊಗೆ ಕಾಣುತ್ತದೆ, ಇನ್ನೂ ಹತ್ತಿರ ಹೋದರೆ ಸಿಹಿ ವಾಸನೆ. ಹೊರಗೆ ಕಬ್ಬಿನ ಸಿಪ್ಪೆ ಬೆಟ್ಟದ ಹಾಗೆ ಒಣಗುತ್ತಿರುತ್ತದೆ, ಒಲೆಗೆ ಅದೇ ಸೌದೆ.

ಒಳಗೆ ಕತ್ತಲೆ, ಬಿಸಿ. ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುತ್ತದೆ (ಕಬ್ಬಿನ ರಸಕ್ಕೆ ಅಲ್ಲಿ ಹಾಲು ಅಂತಲೇ ಹೇಳುತ್ತಾರೆ). ಮೇಲೆ ಬಂದ ಕೊಳೆಯನ್ನು ಉದ್ದ ಸೌಟಿನಲ್ಲಿ ತೆಗೆಯುತ್ತಾ ಇರುತ್ತಾರೆ. ಪಾಕ ಬಂತಾ ಅಂತ ನೋಡುವುದಕ್ಕೆ ಒಂದು ಚೂರನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಾರೆ. ಉಂಡೆ ನಿಂತರೆ ಸರಿ, ಎಲ್ಲರೂ ಸೇರಿ ಕೊಪ್ಪರಿಗೆ ಎತ್ತಿ ಬಗ್ಗಿಸುತ್ತಾರೆ. ಅಚ್ಚಿಗೆ ಹಾಕುವ ಮೊದಲಿನ ಆ ಬಿಸಿ ಪಾಕ ಒಂದು ಎಲೆ ಮೇಲೆ ಕೊಟ್ಟರು ಅಂದುಕೊಳ್ಳಿ, ಬೇಡ ಅನ್ನಬೇಡಿ. ನಮಗೆ ಕೊಟ್ಟವರು ದುಡ್ಡು ತೆಗೆದುಕೊಳ್ಳಲೇ ಇಲ್ಲ. ಎರಡು ಕೆಜಿ ಬೆಲ್ಲ ಕೊಂಡು ಬಂದೆವು. ತುಂಬಾ ಹಳದಿಯಾಗಿ ಹೊಳೆಯುವ ಬೆಲ್ಲ ಕೊಳ್ಳಬೇಡಿ, ಸ್ವಲ್ಪ ಕಪ್ಪಗಿರುವುದೇ ಒಳ್ಳೆಯದು ಅಂತ ಹೇಳಿಕೊಟ್ಟವರೂ ಅವರೇ.

ಕೊಪ್ಪರಿಗೆ ಹತ್ತಿರ ಮಾತ್ರ ಹುಷಾರು. ನೆಲ ಜಾರುತ್ತದೆ.

ಹಕ್ಕಿ ನೋಡಬೇಕು. ಕೊಕ್ಕರೆ ಬೆಳ್ಳೂರಾ, ರಂಗನತಿಟ್ಟಾ?

ಎರಡೂ ಬೇರೆ ಬೇರೆ ಅನುಭವ. ರಂಗನತಿಟ್ಟು ಕಾವೇರಿ ನಡುವಿನ ನಡುಗಡ್ಡೆಗಳು. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ದೋಣಿಯಲ್ಲಿ ಕೂರಿಸಿ ಕರೆದುಕೊಂಡು ಹೋಗುತ್ತಾರೆ, ಬಂಡೆ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ದೋಣಿಗೆ ಉದ್ದ ಸಾಲು.

ನನ್ನ ಮನಸ್ಸು ಮಾತ್ರ ಕೊಕ್ಕರೆ ಬೆಳ್ಳೂರಿನ ಕಡೆಗೇ. ಚನ್ನಪಟ್ಟಣ ಮದ್ದೂರು ನಡುವೆ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಸುಮಾರು 12 ಕಿ.ಮೀ. ಅಲ್ಲಿ ಗೇಟಿಲ್ಲ, ದೋಣಿಯಿಲ್ಲ. ಒಂದು ಮಾಮೂಲಿ ಹಳ್ಳಿ, ಮನೆ ಮುಂದೆ ಹುಣಸೆ ಮರ, ಆ ಮರದ ತುಂಬಾ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್). ಕೆಳಗೆ ಅಜ್ಜಿ ಅಕ್ಕಿ ಆರಿಸುತ್ತಾ ಕೂತಿರುತ್ತಾರೆ, ತಲೆ ಮೇಲೆ ಮರಿಗಳ ಗಲಾಟೆ. ನೆಲ, ಹೆಂಚು ಎಲ್ಲ ಹಿಕ್ಕೆಯಿಂದ ಬೆಳ್ಳಗಾಗಿರುತ್ತದೆ. ಯಾರೂ ಓಡಿಸುವುದಿಲ್ಲ. ಆ ಹಿಕ್ಕೆಯೇ ಹೊಲಕ್ಕೆ ಗೊಬ್ಬರ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಈ ಹಕ್ಕಿಗಳನ್ನು ನೋಡುತ್ತಾರೆ. ಡಿಸೆಂಬರ್‌ನಿಂದ ಜೂನ್‌ವರೆಗೆ ಹೋಗಬೇಕು. ಮಿಕ್ಕ ಸಮಯದಲ್ಲಿ ಮರ ಖಾಲಿ. ಮರದ ಕೆಳಗೆ ನಿಲ್ಲುವಾಗ ಒಂದು ಟೋಪಿ ಇರಲಿ.

ನಮಗೆ ಇನ್ನೂ ಮದುವೆಯಾಗಿಲ್ಲ. ರೂಮ್ ಕೊಡುತ್ತಾರಾ?

ಈ ಪ್ರಶ್ನೆಯನ್ನು ತುಂಬಾ ಜನ ಸಂಕೋಚದಿಂದ ಕೇಳುತ್ತಾರೆ. ಸಂಕೋಚ ಬೇಡ. ವಯಸ್ಸಿಗೆ ಬಂದ ಇಬ್ಬರು ಮದುವೆಯಾಗದೆ ಹೋಟೆಲ್ ರೂಮಿನಲ್ಲಿ ಉಳಿಯಬಾರದು ಅನ್ನುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನೇ ಸ್ಪಷ್ಟವಾಗಿ ಹೇಳಿತು. ಆದರೂ ಕೆಲವು ಹೋಟೆಲ್, ಹೋಂಸ್ಟೇಗಳು ತಮ್ಮದೇ ನಿಯಮ ಅಂತ ಕೊಡುವುದಿಲ್ಲ. ಆದ್ದರಿಂದ ಬುಕ್ ಮಾಡುವ ಮೊದಲು ಫೋನ್ ಮಾಡಿ ನೇರವಾಗಿ ಕೇಳಿ. "ನಾವಿಬ್ಬರು ಬರುತ್ತೇವೆ, ಮದುವೆಯಾಗಿಲ್ಲ, ತೊಂದರೆ ಇಲ್ಲ ಅಲ್ವಾ?" ಅಷ್ಟೇ ಸಾಕು. ರಾತ್ರಿ ಹತ್ತಕ್ಕೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವುದಕ್ಕಿಂತ ಇದು ಮೇಲು.

ಮದುವೆಯಾಗಿರಲಿ ಬಿಡಲಿ, ಇಬ್ಬರ ಗುರುತಿನ ಚೀಟಿಯೂ ಬೇಕು. ಒಂದು ಸಲ ನನ್ನ ಹೆಂಡತಿ ಪರ್ಸ್ ಮನೆಯಲ್ಲೇ ಮರೆತಿದ್ದಳು. ಬುಕ್ ಆಗಿದ್ದ ಹೋಟೆಲಿನವರು ಒಳಗೆ ಬಿಡಲಿಲ್ಲ, ಮಾತಾಡಿದ ರೀತಿಯೂ ಚೆನ್ನಾಗಿರಲಿಲ್ಲ. ಆ ರಾತ್ರಿಯೇ ವಾಪಸ್ ಬೆಂಗಳೂರಿಗೆ ಬಂದೆವು. ಈಗ ಇಬ್ಬರ ಆಧಾರ್ ಪ್ರತಿ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇರುತ್ತದೆ.

ಎಲ್ಲರೂ ಹೋಗುವ ಜಾಗ ಬೇಡ. ಸ್ವಲ್ಪ ವಿಚಿತ್ರವಾದದ್ದು ಇದ್ದರೆ ಹೇಳಿ.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಒಂದು ಜೋಡಿ ಪ್ರವಾಸ ಹೇಳುತ್ತೇನೆ. ಒಂದು ವಾರ ಶಿವನಸಮುದ್ರ, ಇನ್ನೊಂದು ವಾರ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯ ಊರು.

ಶಿವನಸಮುದ್ರಕ್ಕೆ ಎಲ್ಲರೂ ಗಗನಚುಕ್ಕಿ, ಭರಚುಕ್ಕಿ ನೋಡಲು ಹೋಗುತ್ತಾರೆ. ಆದರೆ ಅದೇ ನೀರಿನಿಂದ 1902ರಲ್ಲಿ ವಿದ್ಯುತ್ ತೆಗೆದರು. ಆ ಕರೆಂಟು ಬೆಂಗಳೂರಿಗೆ ಬರಲಿಲ್ಲ, ಮೈಸೂರಿಗೂ ಹೋಗಲಿಲ್ಲ. ಸುಮಾರು 147 ಕಿ.ಮೀ. ತಂತಿ ಎಳೆದು ನೇರವಾಗಿ ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ.

ಜಲಪಾತದ ಮುಂದೆ ನಿಂತು ಇದನ್ನು ನೆನೆಸಿಕೊಂಡು, ಮುಂದಿನ ವಾರ ಕೆಜಿಎಫ್‌ಗೆ ಹೋಗಿ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನೆಲದೊಳಗೆ 3 ಕಿ.ಮೀ.ಗಿಂತ ಆಳಕ್ಕೆ ಹೋಗಿದ್ದ ಗಣಿ ಅದು. ಈಗ ಊರ ಪಕ್ಕದಲ್ಲಿ ಬೂದಿ ಬಣ್ಣದ ಗುಡ್ಡಗಳು ನಿಂತಿವೆ, ಊರಿನವರು ಸೈನೈಡ್ ದಿಬ್ಬ ಅನ್ನುತ್ತಾರೆ. ಚಿನ್ನ ತೆಗೆದು ಉಳಿದ ಮಣ್ಣು. ಅದರ ಮೇಲೆ ಹತ್ತಬೇಡಿ, ಗಾಳಿ ಬೀಸಿದರೆ ಆ ದೂಳು ಒಳ್ಳೆಯದಲ್ಲ. ಹಳೇ ಬಂಗಲೆಗಳು, ಗಣಿ ಕಾರ್ಮಿಕರ ಸಾಲುಮನೆಗಳು, ಚರ್ಚುಗಳು, ಗಣಿಗೆ ಇಳಿಯುತ್ತಿದ್ದ ತುಕ್ಕು ಹಿಡಿದ ಶಾಫ್ಟುಗಳು. ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಚಹಾ ಅಂಗಡಿಯಲ್ಲಿ ಕೂತರೆ ಯಾರಾದರೂ ಹಿರಿಯರು ಗಣಿಯೊಳಗಿನ ಸೆಕೆಯ ಬಗ್ಗೆ ಮಾತಾಡುತ್ತಾರೆ. ಅವಸರ ಮಾಡದೆ ಕೇಳಿ.

ಹಾಸನದ ಕಡೆ ನೀರಲ್ಲಿ ಮುಳುಗುವ ಚರ್ಚ್ ಇದೆಯಂತಲ್ಲ?

ಶೆಟ್ಟಿಹಳ್ಳಿ ಚರ್ಚ್. ಹಾಸನದಿಂದ ಸುಮಾರು 20 ಕಿ.ಮೀ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಕಮಾನುಗಳು ಮಾತ್ರ ನೀರಿನ ಮೇಲೆ ಕಾಣುತ್ತವೆ, ಬೇಸಿಗೆಯಲ್ಲಿ ನಡೆದುಕೊಂಡೇ ಹೋಗಬಹುದು. ಎರಡೂ ಸಲ ಹೋಗಿ, ಒಂದೇ ಜಾಗ ಅಂತ ಅನಿಸುವುದಿಲ್ಲ. ಗೋಡೆ ಹಳೆಯದು, ಕೆಳಗೆ ನಿಲ್ಲಬೇಡಿ.

ಹಾಸನಕ್ಕೆ ಹೋದವರು ಬೇಲೂರು ದಾರಿಯಲ್ಲಿ ದೊಡ್ಡಗದ್ದವಳ್ಳಿಗೆ ತಿರುಗದೆ ಬರಬೇಡಿ. ಕೆರೆ ದಡದಲ್ಲಿ ಪುಟ್ಟ ಲಕ್ಷ್ಮೀದೇವಿ ಗುಡಿ, ಸುತ್ತ ತೆಂಗಿನ ಮರ. ಹೊಯ್ಸಳರ ಕಾಲದ್ದು, ಆದರೆ ಇದನ್ನು ಕಟ್ಟಿಸಿದ್ದು ರಾಜ ಅಲ್ಲ. ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಒಂಬೈನೂರು ವರ್ಷದ ಹಿಂದೆ ಗಂಡ ಹೆಂಡತಿ ಸೇರಿ ಕಟ್ಟಿಸಿದ ಗುಡಿ. ನಾಲ್ಕು ಗರ್ಭಗುಡಿ, ಕಾಳಿಯ ಬಾಗಿಲಲ್ಲಿ ಎಲುಬು ಕಾಣುವ ಎರಡು ಬೇತಾಳ. ನಾವು ಹೋದಾಗ ಮಧ್ಯಾಹ್ನ, ಬೇರೆ ಯಾರೂ ಇರಲಿಲ್ಲ. ಹೊರಗಿನ ಜಗಲಿಯಲ್ಲಿ ಕೂತು ತಂದಿದ್ದ ಕಿತ್ತಳೆ ಹಣ್ಣು ತಿಂದೆವು, ಅರ್ಧ ಗಂಟೆ ಇಬ್ಬರೂ ಮಾತೇ ಆಡಲಿಲ್ಲ. ಬೇಲೂರಿನ ಜನಸಂದಣಿಯಲ್ಲಿ ಇದು ಸಿಗುವುದಿಲ್ಲ.

ಭಾನುವಾರ ಒಂದೇ ದಿನ ಬಿಡುವು. ಬೆಳಗ್ಗೆ ಹೋಗಿ ಸಂಜೆ ಬರಬೇಕು.

ಲೇಪಾಕ್ಷಿ. ಸುಮಾರು 120 ಕಿ.ಮೀ. ಹೆದ್ದಾರಿ ಬಿಟ್ಟು ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರದ ದಾರಿ ಹಿಡಿಯಿರಿ.

ಗೌರಿಬಿದನೂರು ದಾಟಿದ ಮೇಲೆ ವಿದುರಾಶ್ವತ್ಥ ಬರುತ್ತದೆ. ಅಶ್ವತ್ಥಕಟ್ಟೆಯ ಸುತ್ತ ಸಾವಿರಾರು ನಾಗರಕಲ್ಲು, ಒಂದಕ್ಕೊಂದು ಒರಗಿ ನಿಂತಿವೆ. ಇಲ್ಲೇ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಕರೆಯುತ್ತಾರೆ. ಸ್ಮಾರಕ ಇದೆ, ನಿಂತು ಹೆಸರುಗಳನ್ನು ಓದಿ. ಬೆಂಗಳೂರಿಗೆ ಇಷ್ಟು ಹತ್ತಿರ ಇದ್ದರೂ ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಲೇಪಾಕ್ಷಿ ಆಂಧ್ರದಲ್ಲಿದ್ದರೂ ಗುಡಿಯ ಕಲ್ಲಿನ ಮೇಲೆ ಕನ್ನಡ ಶಾಸನಗಳಿವೆ, ವಿಜಯನಗರದ ಕಾಲದ್ದು. ನೆಲಕ್ಕೆ ಪೂರ್ತಿ ತಾಗದ ಕಂಬದ ಕೆಳಗೆ ಎಲ್ಲರೂ ದುಪಟ್ಟಾ ಎಳೆಯುತ್ತಾರೆ. ನೀವೂ ಎಳೆಯಿರಿ, ಆದರೆ ಅಷ್ಟಕ್ಕೇ ಹೊರಡಬೇಡಿ. ತಲೆ ಎತ್ತಿ ಚಾವಣಿ ನೋಡಿ. ಐನೂರು ವರ್ಷದ ಹಿಂದಿನ ಚಿತ್ರಗಳಲ್ಲಿ ಹೆಂಗಸರು ಉಟ್ಟಿರುವ ಸೀರೆಯ ಅಂಚು, ಬುಟ್ಟಾ ಒಂದೊಂದೂ ಬೇರೆ. ನನ್ನ ಹೆಂಡತಿ ಕತ್ತು ನೋಯುವವರೆಗೂ ಎಣಿಸಿದಳು. ಊರ ಹೊರಗೆ ಒಂದೇ ಬಂಡೆಯ ದೊಡ್ಡ ನಂದಿ, 27 ಅಡಿ ಉದ್ದ, 15 ಅಡಿ ಎತ್ತರ.

ಒಬ್ಬರಿಗೆ ಗುಡಿ ಇಷ್ಟ, ಇನ್ನೊಬ್ಬರಿಗೆ ತಿಂಡಿ ಇಷ್ಟ. ಏನು ಮಾಡುವುದು?

ಮೇಲುಕೋಟೆಗೆ ಹೋಗಿ. ಚೆಲುವನಾರಾಯಣನ ದರ್ಶನ, ಕಲ್ಯಾಣಿ, ಬೆಟ್ಟದ ಮೇಲೆ ಯೋಗನರಸಿಂಹ, ಅರ್ಧಕ್ಕೆ ನಿಂತ ರಾಯಗೋಪುರ. ತಿಂಡಿಯವರಿಗೆ ಪುಳಿಯೋಗರೆ, ಸಕ್ಕರೆ ಪೊಂಗಲ್. ಬಿಸಿ ಇರುವಾಗಲೇ ತಿನ್ನಿ, ಪುಡಿ ಕಟ್ಟಿಸಿಕೊಂಡು ಬನ್ನಿ. ಅಕ್ಕ ತಂಗಿ ಕೊಳಗಳನ್ನು ಹುಡುಕಿಕೊಂಡು ಹೋಗಿ. ಪಕ್ಕಪಕ್ಕದ ಎರಡು ಕೊಳ, ಒಂದರ ನೀರು ಕುಡಿಯಬಹುದು, ಇನ್ನೊಂದರದ್ದು ಆಗುವುದಿಲ್ಲ. ಯಾಕೆ ಅಂತ ಊರಿನವರನ್ನೇ ಕೇಳಿ, ಕತೆ ಚೆನ್ನಾಗಿದೆ.

ಕಾರಿಲ್ಲ. ಬಸ್ಸು, ರೈಲಿನಲ್ಲಿ ಆಗುತ್ತದಾ?

ಮೈಸೂರು ದಾರಿ ಚೆನ್ನಾಗಿ ಆಗುತ್ತದೆ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ಎಲ್ಲ ಕಡೆ ಸ್ಟೇಷನ್ ಇದೆ. ಪ್ಯಾಸೆಂಜರ್ ರೈಲು ಹಿಡಿದು ಒಂದೊಂದು ಊರಿಗೆ ಇಳಿದು ಹತ್ತಬಹುದು. ಬಸ್ಸಿನಲ್ಲಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಒಬ್ಬರ ಖರ್ಚಿನಲ್ಲಿ ಇಬ್ಬರ ಪ್ರವಾಸ. ಕೊಕ್ಕರೆ ಬೆಳ್ಳೂರು, ದೊಡ್ಡಗದ್ದವಳ್ಳಿಯಂಥ ಒಳ ಊರಿಗೆ ಮಾತ್ರ ಆಟೋ ಮಾತಾಡಿಕೊಳ್ಳಬೇಕು. ಕಾದಿದ್ದು ವಾಪಸ್ ಕರೆದುಕೊಂಡು ಬರುವುದಕ್ಕೂ ಸೇರಿಸಿ ಮಾತಾಡಿ.

ನದಿಗೆ ಇಳಿಯಬಹುದಾ?

ಬೇಡ. ದಯವಿಟ್ಟು ಬೇಡ. ತಲಕಾಡು, ಮುತ್ತತ್ತಿ, ಶ್ರೀರಂಗಪಟ್ಟಣದ ಸಂಗಮ, ಶಿವನಸಮುದ್ರ, ಎಲ್ಲ ಕಡೆ ಕಾವೇರಿ ಶಾಂತವಾಗಿಯೇ ಕಾಣುತ್ತದೆ. ಕೆಳಗೆ ಸುಳಿ, ಮರಳಿನ ಗುಂಡಿ. ಅಣೆಕಟ್ಟಿನಿಂದ ನೀರು ಬಿಟ್ಟರೆ ನಿಂತಲ್ಲೇ ಏರುತ್ತದೆ. ಪ್ರತಿ ವರ್ಷ ಈಜು ಬರುವವರೂ ಮುಳುಗಿ ಸಾಯುತ್ತಾರೆ. ದಡದಲ್ಲಿ ಕಾಲು ಇಳಿಬಿಟ್ಟು ಕೂರಿ, ಸಾಕು. ಕೈ ಹಿಡಿದು ಸೆಲ್ಫಿಗೆ ಬಂಡೆ ಮೇಲೆ ಹತ್ತುವವರನ್ನು ನೋಡಿದರೆ ನನಗೆ ಎದೆ ಧಸಕ್ ಅನ್ನುತ್ತದೆ.

ಟಾಯ್ಲೆಟ್ ವಿಷಯ?

ಇದು ಚಿಕ್ಕ ಪ್ರಶ್ನೆಯಲ್ಲ. ಹಳ್ಳಿ ದಾರಿಗೆ ತಿರುಗುವ ಮೊದಲು ದೊಡ್ಡ ಹೋಟೆಲ್ ಅಥವಾ ಪೆಟ್ರೋಲ್ ಬಂಕಿನಲ್ಲಿ ಹೋಗಿ ಬಂದುಬಿಡಿ. ಗಂಡಸರೇ, ಅವಳು ಕೇಳುವವರೆಗೂ ಕಾಯಬೇಡಿ, ನೀವೇ ಗಾಡಿ ನಿಲ್ಲಿಸಿ. ನೀರು ಕಡಿಮೆ ಕುಡಿದು ಇಡೀ ದಿನ ತಡೆದುಕೊಂಡು ಕೂರುವ ಹೆಂಗಸರು ಎಷ್ಟು ಜನ ಇದ್ದಾರೆ ಗೊತ್ತಾ?

ಯಾವ ತಿಂಗಳು ಒಳ್ಳೆಯದು?

ಜಲಪಾತಕ್ಕೆ ಜುಲೈನಿಂದ ಅಕ್ಟೋಬರ್. ಗುಡಿ, ಕೋಟೆಗೆ ನವೆಂಬರ್‌ನಿಂದ ಫೆಬ್ರವರಿ. ಬೇಸಿಗೆಯಲ್ಲಿ ಶ್ರವಣಬೆಳಗೊಳಕ್ಕೆ ಮಧ್ಯಾಹ್ನ ಹೋಗಬೇಡಿ, ಬರಿಗಾಲಲ್ಲಿ ಆರುನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತಬೇಕು, ಬಂಡೆ ಸುಡುತ್ತದೆ. ಮೂರು ದಿನ ರಜೆ ಒಟ್ಟಿಗೆ ಬಂದ ವಾರ ಮನೆಯಲ್ಲೇ ಇರಿ, ಆ ವಾರ ರಸ್ತೆಯೆಲ್ಲ ಪಾರ್ಕಿಂಗ್.

ದಾರಿಯಲ್ಲಿ ಜಗಳ ಆಗುವುದಿಲ್ಲವಾ?

ಆಗುತ್ತದೆ. ಬಹಳಷ್ಟು ಸಲ ಹಸಿವಿನಿಂದ, ಇಲ್ಲವೇ ಮ್ಯಾಪಿನಿಂದ. ನಮ್ಮದು ಎರಡು ನಿಯಮ. ಗಾಡಿ ಓಡಿಸುವವರು ದಾರಿ ಹೇಳುವವರನ್ನು ಬೈಯಬಾರದು. "ನಿಲ್ಲಿಸು" ಅಂತ ಯಾರೇ ಹೇಳಲಿ, ಯಾಕೆ ಅಂತ ಕೇಳದೆ ನಿಲ್ಲಿಸಬೇಕು. ದೊಡ್ಡಗದ್ದವಳ್ಳಿಯ ಬೋರ್ಡು ನೋಡಿ ನಿಲ್ಲಿಸು ಅಂದವಳು ಅವಳೇ. ನಾನು ಬೇಲೂರಿಗೆ ತಡವಾಗುತ್ತದೆ ಅಂತ ಇದ್ದೆ.

ಬರುವಾಗ ಏನು ತರಬೇಕು?

ಆ ಊರಲ್ಲಿ ಮಾತ್ರ ಸಿಗುವಂಥದ್ದು, ಅಡುಗೆಮನೆಯಲ್ಲಿ ಖರ್ಚಾಗುವಂಥದ್ದು. ಆಲೆಮನೆಯ ಬೆಲ್ಲ, ಮೇಲುಕೋಟೆಯ ಪುಳಿಯೋಗರೆ ಪುಡಿ. ಶೋಕೇಸಿಗೆ ಏನೂ ಬೇಡ. ಚನ್ನಪಟ್ಟಣದ ಆ ಬುಗುರಿ ಮಾತ್ರ ನಮ್ಮ ಊಟದ ಮೇಜಿನ ಮೇಲೆ ಇದೆ. ಮುಂದಿನ ಶನಿವಾರ ಯಾವ ಕಡೆ ಅಂತ ತೀರ್ಮಾನ ಆಗದಿದ್ದಾಗ ಅದನ್ನು ತಿರುಗಿಸುತ್ತೇವೆ. ನನ್ನ ಕಡೆ ಬಿದ್ದರೆ ನಾನು ಹೇಳಿದ ಊರು, ಅವಳ ಕಡೆ ಬಿದ್ದರೆ ಅವಳು ಹೇಳಿದ್ದು. ಈ ಸಲ ಅವಳ ಕಡೆ ಬಿದ್ದಿದೆ. ಸಕಲೇಶಪುರ ದಾಟಿ ಮಂಜರಾಬಾದ್ ಕೋಟೆ, ಟಿಪ್ಪು 1792ರಲ್ಲಿ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ್ದು. ನಾನು ಹೇಳಿದ 200 ಕಿ.ಮೀ. ಮಿತಿ ಸ್ವಲ್ಪ ದಾಟುತ್ತದೆ. ಶುಕ್ರವಾರ ರಾತ್ರಿಯೇ ಹಾಸನದವರೆಗೆ ಹೋಗಿ ಮಲಗುವುದು ಅಂತ ಮಾತಾಗಿದೆ.